ಚಿಕ್ಕಮ್ಮನ ಮಹಡಿ ಕೋಣೆಗೆ ರಿವ್ಯೂ ಇಲ್ಲದ ಅತಿಥಿ

ನನ್ನ ಚಿಕ್ಕಮ್ಮ ಇಪ್ಪತ್ತೆಂಟು ವರ್ಷ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು. ಕೊಂಕು ತೆಗೆಯುತ್ತಿದ್ದೇನೆ ಅಂದುಕೊಳ್ಳಬೇಡಿ, ಬಟ್ಟೆ ಗಿರಣಿಯಲ್ಲಿ ಅವಳ ಕೆಲಸವೇ ಅದು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು, ಅದರ ಮೇಲೆ ಮೆಲ್ಲಗೆ ಸರಿಯುವ ಬಟ್ಟೆ, ಮುಂದೆ ಸೀಮೆಸುಣ್ಣ ಹಿಡಿದು ನಿಂತ ಚಿಕ್ಕಮ್ಮ. ಎಳೆ ತಪ್ಪಿದ ಕಡೆ, ಗಂಟು ಬಿದ್ದ ಕಡೆ, ಎಣ್ಣೆ ಕಲೆ ಕಂಡ ಕಡೆ ಟಕ್ ಅಂತ ಒಂದು ಗೀಟು. ಅವಳು ಹೂಂ ಅನ್ನದೆ ಒಂದು ಥಾನು ಬಟ್ಟೆ ಗಿರಣಿಯ ಬಾಗಿಲು ದಾಟುತ್ತಿರಲಿಲ್ಲ. ಅವಳನ್ನು ನೋಡಲು ಬಂದ ನಾಲ್ಕು ಗಂಡುಗಳೂ ಬಾಗಿಲು ದಾಟಲಿಲ್ಲ. ಒಬ್ಬನ ನಗು ಸಡಿಲ, ಒಬ್ಬನ ಮಾತು ಬಿಗಿ, ಇನ್ನಿಬ್ಬರ ವಿಷಯ ಈಗಲೂ ಹೇಳುವುದಿಲ್ಲ. ಒಂಟಿಯಾಗಿಯೇ ಉಳಿದಳು, ಆರಾಮಾಗಿಯೂ ಇದ್ದಾಳೆ.

ನಿವೃತ್ತಿಯಾದ ಮೇಲೆ ಹುಡುಕಲು ತಪ್ಪುಗಳಿಲ್ಲದೆ ಅವಳಿಗೆ ಕೈ ಕಟ್ಟಿದ ಹಾಗಾಯಿತು. ಆಗ ಮಹಡಿ ಮೇಲಿನ ಕೋಣೆಯನ್ನು ಆ್ಯಪಿಗೆ ಹಾಕಿ ದಿನದ ಬಾಡಿಗೆಗೆ ಕೊಡುವ ಐಡಿಯಾ ಕೊಟ್ಟವಳು ನಾನೇ. ಹಾಳು ಐಡಿಯಾ. ಅಂದಿನಿಂದ ನನ್ನ ಭಾನುವಾರಗಳೆಲ್ಲ ಅವಳ ಅಡುಗೆಮನೆಯಲ್ಲೇ ಕಳೆಯುತ್ತವೆ. "ನನ್ನ ಕಣ್ಣು ಇಪ್ಪತ್ತೆಂಟು ವರ್ಷ ದುಡಿದಿದೆ, ಇನ್ನು ನಿನ್ನ ಕಣ್ಣು ದುಡೀಲಿ" ಎಂದು ತನ್ನ ಫೋನನ್ನು ನನ್ನ ಕೈಗೆ ಕೊಟ್ಟು ಕೂರುತ್ತಾಳೆ. ಅವಳು ಹೇಳಬೇಕು, ನಾನು ಟೈಪ್ ಮಾಡಬೇಕು. ಬಂದುಹೋದ ಅತಿಥಿಗಳಿಗೆ ಅವಳು ಬರೆಸುವ ರಿವ್ಯೂ ಓದಿದರೆ ಯಾರಿಗಾದರೂ ಜ್ವರ ಬರಬೇಕು. 'ಮೊದಲ ದಿನ ಚೆನ್ನಾಗಿದ್ದರು, ಒಗೆತಕ್ಕೆ ಬಣ್ಣ ಬಿಟ್ಟರು.' 'ಗಂಡ ಗಟ್ಟಿ ನೂಲು, ಹೆಂಡತಿ ಅಂಚಿನಲ್ಲಿ ಬಿಚ್ಚಿಕೊಳ್ಳುತ್ತಾರೆ.' ಇಲ್ಲಿಯವರೆಗೆ ಯಾರಿಗೂ ಐದು ನಕ್ಷತ್ರ ಕೊಟ್ಟಿಲ್ಲ.

ಅವಳದ್ದು ಒಂದೇ ನಿಯಮ. ರಿವ್ಯೂ ಇಲ್ಲದವರನ್ನು ಸೇರಿಸುವುದಿಲ್ಲ. ಮೊದಮೊದಲು ಈ ನಿಯಮ ಇರಲಿಲ್ಲ. ಒಮ್ಮೆ ರಿವ್ಯೂ ಇಲ್ಲದ ಒಬ್ಬ ಕಹಳೆ ಊದುವವನು ಬಂದ. ಸಂಭಾವಿತ ಮನುಷ್ಯ. ಊದಿದರೆ ಕೆಳಗಿನವರಿಗೆ ತೊಂದರೆ ಎಂದು ಬಟ್ಟೆಯ ಬೀರುವಿನೊಳಗೆ ಹೋಗಿ, ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ. ಬೀರು ಒಳಗಿನಿಂದ ತೆಗೆಯಲು ಬರಲಿಲ್ಲ. ಸಹಾಯಕ್ಕಾಗಿ ಅವನು ಊದಿದ್ದನ್ನು ಚಿಕ್ಕಮ್ಮ ಒಂದೂವರೆ ಗಂಟೆ ಸಂಗೀತ ಅಂದುಕೊಂಡಳು. ಕೊನೆಗೆ ಬಡಗಿ ಬಂದು ಬಾಗಿಲು ಬಿಚ್ಚಿದಾಗ ಆ ಮನುಷ್ಯ ಹೊರಗೆ ಬಿದ್ದ ರೀತಿಯನ್ನು ಚಿಕ್ಕಮ್ಮ ಇಂದಿಗೂ ಅಭಿನಯಿಸಿ ತೋರಿಸುತ್ತಾಳೆ. ಅಂದೇ ನಿಯಮ ಬಂತು.

ಈಗ ನನ್ನ ಅಮ್ಮನ ವಿಷಯಕ್ಕೆ ಬರುತ್ತೇನೆ. ಅಮ್ಮ ಎಂದರೆ ಚಿಕ್ಕಮ್ಮನ ಸ್ವಂತ ಅಕ್ಕ, ಬೇರೆ ಊರಿನಲ್ಲಿ ದರ್ಜಿ. ಚಿಕ್ಕಮ್ಮನ ನಿವೃತ್ತಿಗೆಂದು ಅಮ್ಮ ತಿಂಗಳುಗಟ್ಟಲೆ ಕೂತು ಒಂದು ಕೋಟು ಹೊಲಿದಿದ್ದಳು. ಕಡು ನೀಲಿ, ಒಳಗೆ ರೇಷ್ಮೆಯ ಅಸ್ತರು. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಮುಂದೆ ಅದನ್ನು ಬಿಚ್ಚಿ ತೋರಿಸಿ, ತಂಗಿ ಏನನ್ನುತ್ತಾಳೋ ಎಂದು ಅವಳ ಮುಖ ನೋಡುತ್ತಾ ನಿಂತಳು. ಚಿಕ್ಕಮ್ಮ ಕೋಟನ್ನು ಮೇಜಿನ ಮೇಲೆ ಹರಡಿ, ಅಮ್ಮನದೇ ಸೀಮೆಸುಣ್ಣ ತೆಗೆದುಕೊಂಡು ಹನ್ನೊಂದು ಗೀಟು ಹಾಕಿದಳು. ಬೇಕಂತಲೇ ಮಾಡಿದ್ದಲ್ಲ, ಕೈಗೆ ಅಷ್ಟೇ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅದನ್ನು ಅಮ್ಮನಿಗೆ ಹೇಳುವ ಧೈರ್ಯ ಯಾರಿಗಿತ್ತು? ಅಮ್ಮ ಕೋಟು ಕಿತ್ತುಕೊಂಡು ಬಾಗಿಲು ತೋರಿಸಿದಳು. ಅಂದಿನಿಂದ ನಾಲ್ಕು ವರ್ಷ ಇಬ್ಬರ ನಡುವೆ ಮಾತಿಲ್ಲ ಕತೆಯಿಲ್ಲ. ನಾನು ಇಬ್ಬರ ಮನೆಯಲ್ಲೂ ಉಂಡು, ಇಬ್ಬರ ಬೈಗುಳವನ್ನೂ ಕೇಳಿ, ಒಬ್ಬರದನ್ನು ಇನ್ನೊಬ್ಬರಿಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ದಪ್ಪಗಾಗಿದ್ದೇನೆ.

ಹೋದ ವಾರ ಅಮ್ಮ ಫೋನ್ ಮಾಡಿ, ನಿಮ್ಮೂರಿನಲ್ಲಿ ಹೊಲಿಗೆ ಯಂತ್ರಗಳ ಪ್ರದರ್ಶನ ಇದೆ, ಮೂರು ದಿನ ಬರಬೇಕು ಅಂದಳು. ನನ್ನ ಹಾಸ್ಟೆಲಿನಲ್ಲಿ ಹೊರಗಿನವರನ್ನು ಬಿಡುವುದಿಲ್ಲ. ಹೋಟೆಲ್ ನೋಡಲಾ ಎಂದು ಕೇಳಿದೆ.

"ಹೋಟೆಲ್ ಯಾಕೆ? ಅವಳು ಕೋಣೆ ಬಾಡಿಗೆಗೆ ಕೊಡ್ತಾಳಂತಲ್ಲ. ಅದನ್ನೇ ಬುಕ್ ಮಾಡು. ನಾನು ಅಂತ ಹೇಳಬೇಡ. ದುಡ್ಡು ಕೊಟ್ಟು ಇರ್ತೀನಿ, ಯಾರ ಹಂಗೂ ಬೇಡ."

"ಬಂದು ಬಾಗಿಲು ತಟ್ಟಿದ್ರೆ ಸಾಕಲ್ಲಮ್ಮ."

"ತಟ್ಟಲ್ಲ. ಬುಕ್ ಮಾಡ್ತೀಯಾ ಇಲ್ವಾ? ಬೇಡ ಅಂದ್ರೆ ಅಲ್ಲಿಗೆ ಮುಗೀತು. ಆಮೇಲೆ ಈ ಜನ್ಮದಲ್ಲಿ ಆ ಕಡೆ ತಲೆ ಹಾಕಿ ಮಲಗಲ್ಲ."

ಅಮ್ಮ ಹೇಳಿದರೆ ಹೇಳಿದ ಹಾಗೇ ಮಾಡುವವಳು. ಹಲ್ಲಿನ ಡಾಕ್ಟರ ಮೇಲೆ ಕೋಪಗೊಂಡು ಆರು ವರ್ಷ ಒಂದೇ ಕಡೆ ಅಗಿದವಳು. ಹಾಗಾಗಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಫೋನಿನಲ್ಲೇ ಅವಳಿಗೊಂದು ಖಾತೆ ತೆರೆದು ಕೋಣೆಗೆ ಕೋರಿಕೆ ಕಳಿಸಿದೆ. ಅವಳ ಫೋನು ಗುಂಡಿ ಒತ್ತುವ ಹಳೇಕಾಲದ್ದು. ಹೆಸರಿನ ಜಾಗಕ್ಕೆ ಎರಡು ಅಕ್ಷರ, ಫೋಟೋದ ಜಾಗಕ್ಕೆ ಅವಳ ಅಂಗಡಿಯ ಬೆಕ್ಕು. ಆ್ಯಪಿನಲ್ಲಿ ಉತ್ತರ ಕೊಡಲು ಇಪ್ಪತ್ನಾಲ್ಕು ಗಂಟೆ ಸಮಯ. ಅಷ್ಟರೊಳಗೆ ಚಿಕ್ಕಮ್ಮ ಒಪ್ಪದಿದ್ದರೆ ನನ್ನ ತಾಯಿಗೂ ಅವಳ ತಂಗಿಗೂ ಋಣ ಹರಿದಂತೆ.

ಭಾನುವಾರ ಒಂಬತ್ತೂವರೆಗೆ ಅಡುಗೆಮನೆಯಲ್ಲಿ ಕೂತು, ನಾನೇ ಕಳಿಸಿದ್ದನ್ನು ಆಗಷ್ಟೇ ಕಂಡವಳ ಹಾಗೆ ಹುಬ್ಬೇರಿಸಿದೆ.

"ಚಿಕ್ಕಮ್ಮ, ಒಂದು ರಿಕ್ವೆಸ್ಟ್ ಬಂದಿದೆ."

"ರಿವ್ಯೂ ಎಷ್ಟು?"

"ಇಲ್ಲ. ಹೊಸಬರು."

"ಫೋಟೋ?"

"ಬೆಕ್ಕು."

"ಬರೋದು ಬೆಕ್ಕಾ, ಬೆಕ್ಕಿನ ಯಜಮಾನರಾ?"

"ಯಜಮಾನರು. ವಯಸ್ಸಾದ ಹೆಂಗಸು. ಪಾಪ, ಒಳ್ಳೆಯವರ ಥರ ಕಾಣ್ತಾರೆ."

"ಬೆಕ್ಕು ನೋಡಿ ಹೇಳ್ತಿದೀಯಾ? ಬೇಡ ಅನ್ನು."

ನನಗೆ ರೇಗಿತು. "ಎಲ್ಲರಿಗೂ ಮೊದಲನೇ ಸಲ ಅಂತ ಒಂದಿರುತ್ತಲ್ಲ? ನೀನು ಮೊದಲು ಕೋಣೆ ಬಾಡಿಗೆಗೆ ಬಿಟ್ಟಾಗ ನಿನಗೆಷ್ಟು ರಿವ್ಯೂ ಇತ್ತು? ಯಾರೂ ಸೇರಿಸ್ಕೊಳ್ಳದಿದ್ರೆ ರಿವ್ಯೂ ಎಲ್ಲಿಂದ ಬರುತ್ತೆ, ಆಕಾಶದಿಂದ ಉದುರುತ್ತಾ?"

ಚಿಕ್ಕಮ್ಮ ಚಹಾದ ಲೋಟ ಕೆಳಗಿಟ್ಟಳು. ನ್ಯಾಯದ ಮಾತಾದರೆ ಶತ್ರು ಆಡಿದರೂ ಕೇಳುತ್ತಾಳೆ, ಅಷ್ಟನ್ನು ಒಪ್ಪಲೇಬೇಕು. "ಹೊಸ ಮಗ್ಗದ ಬಟ್ಟೆ ಬಂದ್ರೆ ಗಿರಣಿಯಲ್ಲಿ ಒಂದು ತುಂಡು ಕತ್ತರಿಸಿ, ಒಗೆದು, ಎಳೆದು ನೋಡ್ತಿದ್ವಿ" ಅಂದಳು.

"ಮನುಷ್ಯರನ್ನ ಒಗೆಯೋಕಾಗಲ್ಲ ಚಿಕ್ಕಮ್ಮ."

"ಪ್ರಶ್ನೆ ಕೇಳಬಹುದಲ್ಲ. ಬರಿ. ಒದ್ದೆ ಟವೆಲ್ ಎಲ್ಲಿ ಹಾಕ್ತೀರಿ?"

ಬರೆದೆ. ಕಳಿಸಿದೆ. ನನ್ನ ಜೇಬಿನೊಳಗೆ ನನ್ನ ಫೋನು ಗುರ್ ಅಂದಿತು. ಆಗ ಹೊಳೆಯಿತು ನಾನು ಎಂಥ ಪೇಚಿಗೆ ಸಿಕ್ಕಿಕೊಂಡಿದ್ದೇನೆ ಎಂದು. ಪ್ರಶ್ನೆ ಬರೆಯುವವಳೂ ನಾನೇ, ಉತ್ತರ ಬರೆಯಬೇಕಾದವಳೂ ನಾನೇ. "ಒಂದು ನಿಮಿಷ" ಎಂದು ಬಚ್ಚಲುಮನೆಗೆ ಓಡಿ, ಚಿಲಕ ಹಾಕಿ, ಸದ್ದು ಕೇಳದಿರಲೆಂದು ನಲ್ಲಿ ಬಿಟ್ಟು, ಅಮ್ಮನಿಗೆ ಫೋನ್ ಮಾಡಿದೆ.

"ಒದ್ದೆ ಟವೆಲಾ? ಅವಳ ತಲೆ ಮೇಲೆ ಹಾಕ್ತೀನಿ ಅಂತ ಬರಿ" ಅಂದಳು ಅಮ್ಮ.

ನಾನು ಬರೆದದ್ದು: 'ಬಿಸಿಲಿರುವ ಕಡೆ ಸುಕ್ಕಿಲ್ಲದಂತೆ ಹರಡುತ್ತೇನೆ. ಇಷ್ಟು ಕಾಳಜಿಯ ಮನೆಯೊಡತಿ ಸಿಕ್ಕಿದ್ದು ನನ್ನ ಪುಣ್ಯ.'

ವಾಪಸ್ಸು ಬಂದು ಅದನ್ನೇ ಚಿಕ್ಕಮ್ಮನಿಗೆ ಓದಿ ಹೇಳಿದೆ. ಎರಡನೆಯ ಪ್ರಶ್ನೆ, ಬೀರುವಿನೊಳಗೆ ಏನಿಡುತ್ತೀರಿ? ಮತ್ತೆ ಬಚ್ಚಲುಮನೆ, ಮತ್ತೆ ನಲ್ಲಿ. "ಆನೆ" ಅಂದಳು ಅಮ್ಮ. ನಾನು 'ಒಂದೆರಡು ಬಟ್ಟೆ, ಅದೂ ನೀವು ಅನುಮತಿ ಕೊಟ್ಟರೆ' ಎಂದು ಬರೆದೆ. ಮೂರನೆಯದು, ನಮ್ಮ ಕೋಣೆಯಲ್ಲಿ ಏನಾದರೂ ಸರಿ ಇಲ್ಲದಿದ್ದರೆ ಮುಖದ ಮೇಲೆ ಹೇಳುತ್ತೀರಾ? ಇದಕ್ಕೆ ಅಮ್ಮ ಆಡಿದ ಮಾತನ್ನು ನಾನು ಇಲ್ಲಿ ಬರೆಯಲಾರೆ. ನಾನು ಕಳಿಸಿದ್ದು, 'ನಿಮ್ಮ ಮನೆಯಲ್ಲಿ ಸರಿ ಇಲ್ಲದ್ದು ಏನಿರಲು ಸಾಧ್ಯ?' ಬರೆಯುತ್ತಾ ಬರೆಯುತ್ತಾ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹೊರಗೆ ಬಂದರೆ ಚಿಕ್ಕಮ್ಮ ಒಂದು ಲೋಟ ನೀರಿಗೆ ಉಪ್ಪು ಸಕ್ಕರೆ ಕದಡುತ್ತಿದ್ದಳು. "ಒಂದು ಗಂಟೆಗೆ ಮೂರು ಸಲ. ಏನು ತಿಂದಿದ್ದೆ? ಕುಡಿ ಇದನ್ನ."

ಕುಡಿದೆ. ಇನ್ನೇನು ಮಾಡಲಿ?

ಮೂರನೆಯ ಉತ್ತರ ಕೇಳಿ ಅವಳು ತಲೆಯಾಡಿಸಿದಳು. "ಬೇಡ. ಬೇಡ ಅಂತ ಒತ್ತು."

"ಯಾಕೆ? ಎಷ್ಟು ನಯವಾಗಿ ಮಾತಾಡ್ತಿದಾರೆ!"

"ಅದಕ್ಕೇ. ಇಷ್ಟು ನಯ ಇರೋ ಬಟ್ಟೆಗೆ ಗಂಜಿ ಹಾಕಿರ್ತಾರೆ. ಒಂದು ಸಲ ಒಗೆದ್ರೆ ಜಾಳುಜಾಳು. ಇಪ್ಪತ್ತೆಂಟು ವರ್ಷ ನಾನೇನು ನೊಣ ಹೊಡೀತಿದ್ನಾ?"

ನನ್ನ ಜಾಣತನ ನನಗೇ ಮುಳುವಾಯಿತು. ಗಡಿಯಾರದಲ್ಲಿ ಹತ್ತು ಮುಕ್ಕಾಲು. ಇನ್ನೊಂದೇ ಪ್ರಶ್ನೆ ಕೇಳೋಣ, ಕೊನೆಯದು ಎಂದು ಗೋಗರೆದೆ. ನನ್ನ ಮುಖ ಎಷ್ಟು ಬಾಡಿತ್ತೋ ಏನೋ, ಹೊಟ್ಟೆನೋವೇ ಜೋರಾಗಿದೆ ಅಂದುಕೊಂಡು ಚಿಕ್ಕಮ್ಮ ಕರಗಿದಳು.

"ಸರಿ, ಕೇಳು. ಇಂಥ ಬೆಣ್ಣೆ ಮಾತಿನವರು ಯಾರ ಜೊತೆಗಾದ್ರೂ ಜಗಳ ಆಡಿದಾರಾ? ಆಡಿದ್ರೆ ತಪ್ಪು ಯಾರದು?"

ಬಚ್ಚಲುಮನೆಯಲ್ಲಿ ನಿಂತು ಅಮ್ಮನಿಗೆ ಪ್ರಶ್ನೆ ಓದಿದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಆಡಿದೀನಿ ಅಂತ ಬರಿ. ತಂಗಿ ಜೊತೆ. ತಪ್ಪು ಅವಳದ್ದು." ಆಮೇಲೆ, "ನಿಲ್ಲು, ಕಳಿಸಬೇಡ. ಇನ್ನೂ ಇದೆ. ಅವಳು ಹೋದ ಮೇಲೆ ಕೋಟು ಅಳೆದು ನೋಡ್ದೆ. ಹನ್ನೊಂದರಲ್ಲಿ ಮೂರು ಗೀಟು ಸರಿಯಾಗೇ ಇದ್ವು. ಎಡಗೈ ತೋಳು ಉದ್ದ ಆಗಿತ್ತು. ಅವತ್ತೇ ಹೇಳಬೇಕಿತ್ತು. ಹಾಗಂತ ಬರಿ. ಉಳಿದ ಎಂಟು ಅಧಿಕಪ್ರಸಂಗ, ಅದೂ ಬರಿ."

ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ಕಳಿಸಿದೆ. ಅಡುಗೆಮನೆಯಲ್ಲಿ ಚಿಕ್ಕಮ್ಮನ ಫೋನು ಟಿಂಗ್ ಅಂದಿತು. ಓದಿ ಹೇಳೆಂದು ಅವಳು ನನ್ನನ್ನು ಕೂಗಲಿಲ್ಲ. ಕುರ್ಚಿ ಸರಿದ ಸದ್ದು, ಕನ್ನಡಕದ ಡಬ್ಬಿ ತೆರೆದ ಸದ್ದು. ಆಮೇಲೆ ಏನೂ ಇಲ್ಲ.

ಹನ್ನೊಂದಕ್ಕೆ ಮೂರು ನಿಮಿಷ ಇರುವಾಗ ನನ್ನ ಫೋನಿನ ಪರದೆಯ ಮೇಲೆ ಸಾಲೊಂದು ಮೂಡಿತು. 'ಕ್ಷಮಿಸಿ, ನಿಮ್ಮ ಕೋರಿಕೆಯನ್ನು ತಿರಸ್ಕರಿಸಲಾಗಿದೆ.'

"ಏನಾಯ್ತೇ? ಏನಂದ್ಲು? ಮಾತಾಡೇ" ಎಂದು ಅಮ್ಮ ಕೇಳುತ್ತಲೇ ಇದ್ದಳು. ಅಮ್ಮನ ಮೇಲೆ ಸಿಟ್ಟು, ಚಿಕ್ಕಮ್ಮನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಅತ್ತೆ.

ಚಿಕ್ಕಮ್ಮ ಬಾಗಿಲು ದಬದಬ ಬಡಿದಳು. "ಹೊಟ್ಟೆ ವಾಸಿ ಆಗಿದ್ರೆ ಫೋನ್ ಈಚೆ ಕೊಡು."

ಚಿಲಕ ತೆಗೆದೆ. ಚಿಕ್ಕಮ್ಮ ನನ್ನ ಮುಖವನ್ನೂ ನೋಡದೆ ಫೋನು ಕಿತ್ತುಕೊಂಡಳು. ಇನ್ನೊಂದು ಕೈಯಿಂದ ಸುರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿದಳು.

"ಅಕ್ಕಾ. ರಿವ್ಯೂ ಇಲ್ಲದವರಿಗೆ ನಾನು ಮಹಡಿ ಕೋಣೆ ಕೊಡಲ್ಲ."

ಅಮ್ಮ ಫೋನಿನಲ್ಲಿ ಮಾತಾಡುವುದು ಪಕ್ಕದ ಬೀದಿಗೂ ಕೇಳುವಂತಿರುತ್ತದೆ. ಈಗ ಆ ಕಡೆ ಕತ್ತರಿ ಕೆಳಗೆ ಬಿದ್ದ ಸದ್ದು ಮಾತ್ರ ಕೇಳಿಸಿತು.

"ಕೇಳಿಸ್ತಾ? ಅದು ಹೊರಗಿನವರಿಗೆ. ನನ್ನ ಅಕ್ಕ ದುಡ್ಡು ಕೊಟ್ಟು ನನ್ನ ಮನೇಲಿ ಇರ್ತಾಳಂತೆ, ನಾಚಿಕೆ ಆಗಬೇಕು. ನೀನು ಕೆಳಗೆ ಮಲಗು, ನನ್ನ ಕೋಣೇಲಿ." ಚಿಕ್ಕಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, "ಮತ್ತೆ, ಮೂರಲ್ಲ. ಐದು ಗೀಟು ಸರಿ ಇದ್ವು" ಅಂದಳು.

"ನಾಲ್ಕು" ಅಂದಳು ಅಮ್ಮ.

"ನಾಲ್ಕು. ಸರಿ."

ನಾನು ಮತ್ತೆ ಬಕೆಟ್ಟಿನ ಮೇಲೆ ಕೂತೆ.

"ಪ್ರದರ್ಶನ ಬುಧವಾರದಿಂದ" ಅಂದಳು ಅಮ್ಮ. "ಯಾವ ಬಸ್ಸಿಗೆ ಬರ್ಲಿ?"

"ಇವತ್ತು ಯಾವುದು ಮೊದಲು ಸಿಗುತ್ತೋ ಅದಕ್ಕೆ."