ಮಿಸ್ತ್ರಿಗೆ ಕೇಳದ ಸಪ್ಪಳ

ನನ್ನ ಬೈಕಿನ ಮೀಟರು ಒಮ್ಮೆ ಪೂರ್ತಿ ತಿರುಗಿ ಸೊನ್ನೆಗೆ ಬಂದು, ಈಗ ಮತ್ತೆ ಅರ್ಧ ದಾರಿ ಸವೆಸಿದೆ. ಪಶು ಇಲಾಖೆಯಲ್ಲಿ ಕೆಲಸ ಸಿಕ್ಕ ವರ್ಷ ಕೊಂಡ ಗಾಡಿ. ಹಿಂದಿನ ಸೀಟಿಗೆ ಲಸಿಕೆಯ ಐಸ್ ಡಬ್ಬಿ ಕಟ್ಟಿಕೊಂಡು ರೋಣದಿಂದ ಬೆಳವಣಕಿ, ನರೇಗಲ್, ಗಜೇಂದ್ರಗಡ ಎಂದು ತಿರುಗುತ್ತಲೇ ನನ್ನ ಮೀಸೆ ಬೆಳ್ಳಗಾಯಿತು. ನಾನು ದನಗಳಿಗೆ ಚುಚ್ಚುಮದ್ದು ಹಾಕುವವನು, ಓದಿದ ಡಾಕ್ಟರಲ್ಲ. ಆದರೂ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲಿ ಡಾಕ್ಟರೇ.

ಆ ಎಂಜಿನ್ ಇಷ್ಟು ವರ್ಷ ಬಾಳಿದ್ದು ರೋಣದ ಒಬ್ಬ ಮಿಸ್ತ್ರಿಯಿಂದ. ನನಗಿಂತ ಹತ್ತು ವರ್ಷ ದೊಡ್ಡವರು. ನರೇಗಲ್ ರಸ್ತೆಗೆ ಹೊಂದಿಕೊಂಡು ಅವರ ಮನೆ; ಮನೆಯ ಮುಂದಿನ ತಗಡಿನ ಚಪ್ಪರವೇ ಗ್ಯಾರೇಜು. ನಾನು ಅವರನ್ನು ಅಣ್ಣಾರ ಎಂದೂ ಅವರ ಹೆಂಡತಿಯನ್ನು ವೈನಿ ಎಂದೂ ಕರೆಯುತ್ತಿದ್ದೆ.

"ಎಂಜಿನ್ ಅಂದ್ರ ಮುದಿ ಎತ್ತ ಇದ್ದಂಗ್ರಿ," ಎಂದು ಮೊದಲ ವರ್ಷವೇ ಹೇಳಿದ್ದರು. "ಎಬ್ಬಿಸಿದ ಕೂಡ್ಲೆ ಹೊಡೀಬ್ಯಾಡ್ರಿ. ಎರಡ್ ನಿಮಿಷ ನಿಂದ್ರಲಿ, ಎಣ್ಣಿ ಮ್ಯಾಲ ಏರ್ಲಿ. ದಿಬ್ಬ ಬಂದಾಗ ಗೇರ್ ಇಳಸ್ರಿ, ದಮ್ಮ ಹಿಡಸಬ್ಯಾಡ್ರಿ."

ಪ್ರತಿ ರವಿವಾರ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಬೇಕು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಮೊದಲೇ ಎಣ್ಣೆ ಬದಲಿಸಬೇಕು. ಕಡಲೆ, ಜೋಳದ ರಾಶಿ ನಡೆಯುವ ದಿನಗಳಲ್ಲಿ ರಸ್ತೆಯ ಮೇಲೆಲ್ಲ ಧೂಳು ಹೊಟ್ಟು ತುಂಬಿರುತ್ತದೆ, ಆಗ ಏರ್ ಫಿಲ್ಟರ್ ಎರಡು ಸಲ ಸ್ವಚ್ಛವಾಗಬೇಕು. ಇದಿಷ್ಟೂ ಅವರ ಕಾನೂನು. ಹಳೆಯ ಎಣ್ಣೆ ತೆಗೆದಾಗ ಒಂದು ಹನಿಯನ್ನು ಬೆರಳಿನ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದು, ಲೋಹದ ಮಿನುಗು ಇದೆಯೇ ಎಂದು ನೋಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡದು ಅವರ ಕಿವಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ರೋಗ ಹೇಳುತ್ತಿದ್ದರು. ನಾನು ಎಮ್ಮೆಯ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟಷ್ಟೇ ಸಹಜವಾಗಿ.

ಮೂರು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ಮೇಲೆ, ಗಜೇಂದ್ರಗಡದಿಂದ ತಿರುಗಿ ಬರುವಾಗ ಎಂಜಿನ್ನಿನಲ್ಲಿ ಒಂದು ಸಪ್ಪಳ ಶುರುವಾಯಿತು. ಎಕ್ಸಿಲೇಟರ್ ಬಿಟ್ಟಾಗಲೆಲ್ಲ ಒಳಗೆ ಏನೋ ಖಡಖಡ ಎನ್ನುತ್ತಿತ್ತು. ನೆಟ್ಟಗೆ ಮಿಸ್ತ್ರಿಯ ಹತ್ತಿರ ಹೋದೆ. ಅವರ ಎರಡೂ ಕಿವಿಯಲ್ಲಿ ಹತ್ತಿ ಇತ್ತು.

"ನೆಗಡಿ ಆಗೇದ್ರಿ," ಎಂದರು. ಸ್ಕ್ರೂಡ್ರೈವರ್ ಕಿವಿಗೆ ಹಿಡಿದು ಬಹಳ ಹೊತ್ತು ಕೂತರು. ಕೊನೆಗೆ, "ಟ್ಯಾಪೆಟ್ ಅಷ್ಟ ಐತಿ," ಎಂದು ಎಂಜಿನ್ ತಲೆಯೊಳಗಿನ ಆ ಸಣ್ಣ ಭಾಗದ ಸಡಿಲನ್ನು ಸರಿಮಾಡಿ ಕೊಟ್ಟರು.

ಸಪ್ಪಳ ಹೋಗಲಿಲ್ಲ. ಮುಂದಿನ ವಾರ ಮತ್ತೆ ಹೋದೆ. ಈ ಸಲ ಅವರು ಪ್ಲಗ್ ಬದಲಿಸಿದರು. ಮೂರನೆಯ ಸಲ ಹೋದಾಗಲೂ ಕಿವಿಯಲ್ಲಿ ಹತ್ತಿ ಹಾಗೇ ಇತ್ತು; ನನ್ನ ಮುಖ ನೋಡದೆ, "ಹಳೀ ಗಾಡಿ, ಇಷ್ಟರ ಸಪ್ಪಳ ಮಾಡಂಗಿಲ್ಲೇನ್ರಿ?" ಎಂದುಬಿಟ್ಟರು. ಅಂಥ ಮಾತು ಅವರ ಬಾಯಿಂದ ಅದೇ ಮೊದಲು. ನನಗೆ ಸಿಟ್ಟು ಬಂತು. ವಯಸ್ಸಾಯಿತು, ಕೆಲಸದ ಮೇಲೆ ಮನಸ್ಸಿಲ್ಲ ಎಂದುಕೊಂಡೆ.

ಮುಂದಿನ ತಿಂಗಳು ಇಲಾಖೆಯ ಸಭೆಗೆಂದು ನರಗುಂದಕ್ಕೆ ಹೋಗಬೇಕಾಯಿತು. ಶಿರೋಳ ದಾಟುವಷ್ಟರಲ್ಲಿ ಸಪ್ಪಳ ಎಷ್ಟು ಜೋರಾಗಿತ್ತೆಂದರೆ ಹೊಲದಲ್ಲಿದ್ದವರು ತಲೆ ಎತ್ತಿ ನೋಡುತ್ತಿದ್ದರು. ಹೆದರಿ, ನರಗುಂದದ ಬಸ್ ನಿಲ್ದಾಣದ ಹತ್ತಿರ ಸಿಕ್ಕ ಮೊದಲ ಗ್ಯಾರೇಜಿಗೆ ನುಗ್ಗಿದೆ. ಅಲ್ಲಿನ ಮೆಕ್ಯಾನಿಕ್ ಮೂವತ್ತರ ಆಸುಪಾಸಿನವನು. ಎದ್ದು ಹತ್ತಿರವೂ ಬರಲಿಲ್ಲ, ಕೂತಲ್ಲಿಂದಲೇ ಹೇಳಿದ.

"ಟೈಮಿಂಗ್ ಚೈನ್ ಜೋಲು ಬಿದ್ದೈತ್ರಿ ಸರ. ಹಿಂಗ ಓಡಿಸಿದ್ರ ಒಳಗ ಹರಕೊಂಡು ಎಂಜಿನ್ನ ಹಾಳಾಗ್ತೈತಿ." ರೋಣದ ಮಿಸ್ತ್ರಿ ಮೂರು ಸಲ ನೋಡಿದ್ದಾರೆ ಎಂದೆ. ಅವನು ಮೆಲ್ಲಗೆ, "ನಿಮ್ಮ ಮಿಸ್ತ್ರಿಗೆ ಇದು ಕೇಳಸ್ಲಿಲ್ಲೇನ್ರಿ?" ಎಂದು ಕೇಳಿದ.

ವ್ಯಂಗ್ಯವಾಗಿ ಕೇಳಿದ್ದಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದ. ಆದರೆ ಆ ಮಾತು ನನ್ನ ಎದೆಗೆ ನಾಟಿತು. ಕಿವಿಯಲ್ಲಿ ಹತ್ತಿ. ತಿಂಗಳಾದರೂ ಹೋಗದ ನೆಗಡಿ. ನನ್ನ ಕಡೆ ನೋಡದೆ ಆಡಿದ ಮಾತು. ಸಭೆಯನ್ನೂ ಬಿಟ್ಟು, ಎಂಜಿನ್ ಬಿಚ್ಚಿಸದೆ, ಗಾಡಿಯನ್ನು ಒಂದು ಟೆಂಪೋಕ್ಕೆ ಹೇರಿಸಿಕೊಂಡು ರೋಣಕ್ಕೆ ಬಂದೆ.

ಮಿಸ್ತ್ರಿ ನೆಲದ ಮೇಲೆ ಕೂತು ಯಾವುದೋ ಚಕ್ರ ಬಿಚ್ಚುತ್ತಿದ್ದರು. ವೈನಿ ಬಾಗಿಲಲ್ಲಿ ನಿಂತು, ಊಟಕ್ಕೆ ಬರ್ರಿ ಎಂದು ಮೂರು ಸಲ ಕೂಗಿದರು. ಅವರು ತಿರುಗಲಿಲ್ಲ. ವೈನಿ ಬಂದು ಹೆಗಲು ಮುಟ್ಟಿದರು. ಆಗ ತಿರುಗಿದವರು ನನ್ನನ್ನೂ, ಟೆಂಪೋದಲ್ಲಿದ್ದ ಗಾಡಿಯನ್ನೂ ನೋಡಿದರು.

ನಾನು ಅವರ ಎದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದೆ. "ಅಣ್ಣಾರ, ಯಾವಾಗಿಂದ?"

ಅವರು ಚಕ್ರ ಬಿಚ್ಚುತ್ತಿದ್ದ ಪಾನಾ ಒರೆಸಿ ಕೆಳಗಿಟ್ಟರು. "ದೀಪಾವಳಿಗಿಂತ ಮೊದ್ಲಿಂದ್ರಿ. ಸಣ್ಣಾಂವ ಇದ್ದಾಗಿಂದ ಕಿವಿ ಸೋರತಿತ್ತು, ಕೇಳಸೂದಕ್ಕ ಏನೂ ತ್ರಾಸ ಇರ್ಲಿಲ್ಲ. ಈಗ ಎಲ್ಲಾ ದೂರ ಆಗೇದ. ಕಿವುಡ ಮಿಸ್ತ್ರಿ ಕಡೆ ಗಾಡಿ ಯಾರ ತರ್ತಾರ್ರಿ?"

"ನನಗರ ಹೇಳಬೇಕಿತ್ತು."

"ನಿಮಗ ಹೇಳೂದಕ್ಕನ ಭಾಳ ನಾಚಿಕಿ ಆತ್ರಿ."

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಿಸ್ತ್ರಿಯ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ, ಅದನ್ನು ನೆನೆದು ನನಗೂ ತಲೆ ಎತ್ತಲಾಗಲಿಲ್ಲ. ನರಗುಂದದವನು ಹೇಳಿದ್ದನ್ನು ಮುಚ್ಚಿಡದೆ ಹೇಳಿದೆ.

ಅವರಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ಆದರೆ ಅವರು ಒಮ್ಮೆಲೆ ನೆಟ್ಟಗೆ ಕೂತರು. "ಬಿಟ್ಟಾಗ ಸಪ್ಪಳ ಬರತೈತೋ, ಏರಿಸಿದಾಗೋ?"

"ಬಿಟ್ಟಾಗ."

"ಎಡಕ್ಕೋ ಬಲಕ್ಕೋ? ಹ್ಯಾಂಗ ಬರತೈತಿ? ಸೂಜಿ ಬಡದಂಗೋ, ಸರಪಳಿ ಜಗ್ಗಿದಂಗೋ?"

"ಎಡಕ್ಕ. ಸರಪಳಿ ತಗಡಿಗೆ ಬಡದಂಗ."

"ಹಂಗಾದ್ರ ಅಂವಾ ಹೇಳಿದ್ದು ಖರೇ ಐತಿ," ಎಂದು ಊಟ ಬಿಟ್ಟು ಎದ್ದರು.

ಅಂದು ಮಧ್ಯಾಹ್ನವೇ ಎಂಜಿನ್ ಬಿಚ್ಚಿದರು. ಚೈನು ಹಿಗ್ಗಿತ್ತು. ಅದನ್ನು ಬಿಗಿಯಾಗಿ ಹಿಡಿಯುವ ರಬ್ಬರಿನ ಪಟ್ಟಿಯಲ್ಲಿ ಹಳ್ಳ ಬಿದ್ದಿತ್ತು. ಎರಡು ದಿನದಲ್ಲಿ ಹೊಸದನ್ನು ತರಿಸಿ ಕೂಡಿಸಿದರು. ಗಾಡಿ ಶುರುಮಾಡಿ ನನ್ನ ಮುಖವನ್ನೇ ನೋಡುತ್ತ ನಿಂತರು.

"ಹೋತೇನ್ರಿ?"

ಹೋಯಿತು ಎಂದು ತಲೆಯಾಡಿಸಿದೆ. ಅವರೂ ನಕ್ಕರು, ಆದರೆ ಆ ನಗೆಯಲ್ಲಿ ಜೀವ ಇರಲಿಲ್ಲ. ತಾವು ಮಾಡಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳಿ ತಿಳಿಯಬೇಕಾಗಿ ಬಂದಿತ್ತು.

ಮರುದಿನ ಅವರನ್ನು ಅದೇ ಗಾಡಿಯ ಹಿಂದೆ ಕೂಡಿಸಿಕೊಂಡು ಗದಗಿಗೆ ಹೊರಟೆ. ದವಾಖಾನೆಯಲ್ಲಿ ಕಿವಿ ನೋಡುವ ವೈದ್ಯೆ ಎರಡು ಕಾಲಿನ ಉಕ್ಕಿನ ಚಿಮಟಿಗೆಯಂಥದ್ದನ್ನು ಬಡಿದು ಅವರ ಕಿವಿಯ ಮುಂದೆ ಹಿಡಿದರು. ಮಿಸ್ತ್ರಿ ಕೇಳಿಸುವುದಿಲ್ಲ ಎಂದು ಕೈ ಆಡಿಸಿದರು. ವೈದ್ಯೆ ಮತ್ತೆ ಬಡಿದು, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಊರಿದರು. ಮಿಸ್ತ್ರಿ ಕುರ್ಚಿಯಿಂದ ಅರ್ಧ ಎದ್ದರು.

"ಕೇಳಸಾಕ್ಹತ್ತೈತಿ! ಡಾಕ್ಟರ್ರ, ಕೇಳಸಾಕ್ಹತ್ತೈತಿ!" ಎಂದು ನನ್ನತ್ತ ತಿರುಗಿ ಕೂಗಿದರು.

ವೈದ್ಯೆ ನಗುತ್ತ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ಒಳಗಿನ ಕಿವಿ ಚೆನ್ನಾಗಿದೆ, ತೂತಾಗಿರುವುದು ಪರದೆ. ಮೊದಲು ಸೋರುವುದು ನಿಲ್ಲಬೇಕು, ಆಮೇಲೆ ಆಪರೇಷನ್.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಬರಲು ಮಿಸ್ತ್ರಿ ಹೇಳಿ ಕಳಿಸಿದರು. ಹೋದರೆ ಸ್ಕ್ರೂಡ್ರೈವರನ್ನು ಸೋಪು ಹಚ್ಚಿ ತೊಳೆದು ಹಿಡಿದುಕೊಂಡು ಕಾಯುತ್ತಿದ್ದಾರೆ. "ಎಲುಬಿಗೆ ಕೇಳತೈತಿ ಅಂದ್ರ ಹಲ್ಲಿಗೂ ಕೇಳಬೇಕಲ್ರಿ?" ಎಂದರು. ನನ್ನ ಗಾಡಿ ಶುರುಮಾಡಿಸಿ, ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಅವರ ಮುಖ ಸ್ವಲ್ಪ ಸ್ವಲ್ಪವಾಗಿ ಸಡಿಲಾಗುವುದನ್ನು ನಾನು ನೋಡಿದೆ. ಒಂದು ನಿಮಿಷದ ಮೇಲೆ ಹಿಡಿಯನ್ನು ಬಾಯಿಂದ ತೆಗೆದು, "ಮ್ಯಾಲಿನ ಟ್ಯಾಪೆಟ್ ಒಂದ್ ಎಳಿ ಸಡ್ಲ ಬಿಟ್ಟೀನ್ರಿ," ಎಂದರು. ಚಲೋ ಕಿವಿ ಇದ್ದ ನನಗೆ ಏನೂ ಕೇಳಿಸಿರಲಿಲ್ಲ. ಅದನ್ನು ಸರಿಮಾಡುವಾಗ ಅವರ ಕಣ್ಣು ತುಂಬಿತ್ತು; ನಾನು ನೋಡದವನಂತೆ ರಸ್ತೆಯ ಕಡೆ ತಿರುಗಿ ನಿಂತೆ.

ಕಿವಿ ಒಣಗಲು ನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಬಲಗಿವಿಗೆ ಆಪರೇಷನ್ ಆಯಿತು. ಮೊದಲಿನಷ್ಟಲ್ಲದಿದ್ದರೂ ಎದುರು ಕೂತು ಮಾತಾಡಿದರೆ ಕೇಳುತ್ತದೆ. ಎಡಗಿವಿಗೆ ಮಾಡಿಸಿಕೊಳ್ಳಲು ಒಪ್ಪಿಲ್ಲ. "ಹಲ್ಲ ಗಟ್ಟಿ ಅದಾವಲ್ಲ," ಎನ್ನುತ್ತಾರೆ.

ಆಪರೇಷನ್ ಆದ ಮೇಲೆ ಒಂದು ದಿನ, "ನರಗುಂದಕ್ಕ ಕರಕೊಂಡ ನಡೀರಿ," ಎಂದರು. ಹಿಂದೆ ಕೂಡಿಸಿಕೊಂಡು ಹೋದೆ. ಬಸ್ ನಿಲ್ದಾಣದ ಹತ್ತಿರ ಆ ತರುಣ ಮೆಕ್ಯಾನಿಕ್ ಯಾವುದೋ ಗಾಡಿಯ ಎಂಜಿನ್ ಹರವಿಕೊಂಡು ಕೂತಿದ್ದ. ಮಿಸ್ತ್ರಿ ಹೋಗಿ ಅವನ ಎದುರು ನಿಂತರು.

"ಕೂತಲ್ಲೆ ಕೂತು ಚೈನ್ ಅಂತ ಹೇಳಿದಾಂವ ನೀನ ಏನಪಾ? ಚಲೋ ಕಿವಿ ಐತಿ ನಿಂದು. ಹತ್ತಿ ಕಡ್ಡಿ ಹಾಕಿ ಕೆಡಿಸ್ಕೋಬ್ಯಾಡ."

ಅವನು ಎಣ್ಣೆಗೈಯನ್ನು ಚಡ್ಡಿಗೆ ಒರೆಸಿಕೊಂಡು ಕೂಡಲು ಹಲಗೆ ಹಾಕಿಕೊಟ್ಟ. ಮಿಸ್ತ್ರಿ ಅದರ ಮೇಲೆ ಕೂಡದೆ, ಅಂಗಿಯ ತೋಳು ಮಡಚಿಕೊಂಡು ಬಿಚ್ಚಿಟ್ಟ ಎಂಜಿನ್ನಿನ ಪಕ್ಕದಲ್ಲೇ ಕೂತುಬಿಟ್ಟರು. ಹಲಗೆಯ ಮೇಲೆ ನಾನು ಕೂತೆ. ಮಧ್ಯಾಹ್ನ ಮೂರರವರೆಗೆ ಅವರಿಬ್ಬರಿಗೂ ಊಟದ ನೆನಪಾಗಲಿಲ್ಲ.