ದೊಡ್ಡವ್ವನ ಕಾರ್ಡಿಗೆ ಬಿದ್ದ ಬೀನ್ಸು

ಪಣಕಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಫೋನಿನಲ್ಲಿ ಅಂದಿನ ಕೆಲಸದ ಪಟ್ಟಿ ತೆರೆದವಳು ಹಾಗೇ ನಿಂತುಬಿಟ್ಟೆ. ನಮ್ಮ ತಂಡದ ಏಳು ಹೆಂಗಸರಿಗೆ ಊರ ಪಕ್ಕದ ಹೊಲ. ದೊಡ್ಡವ್ವನಿಗೆ ಮಾತ್ರ, ಒಬ್ಬಳಿಗೇ, ಹಾಸನೂರು ಕಡೆಯ ಗುಡ್ಡದ ಹೊಲ!

ತರಕಾರಿ ಕೊಳ್ಳುವ ಕಂಪನಿ ಈಚೆಗೆ ಕೆಲಸ ಹಂಚುವುದನ್ನು ಕಂಪ್ಯೂಟರಿಗೆ ಒಪ್ಪಿಸಿದೆ. ಯಾವ ಹೊಲ ಬಲಿಯಿತು, ಯಾವ ವ್ಯಾನು ಎಲ್ಲಿದೆ, ಯಾರ ಕೈ ಚುರುಕು, ಎಲ್ಲವನ್ನೂ ನೋಡಿ ಅದು ಗಳಿಗೆಗಳಿಗೆಗೂ ಆಳುಗಳನ್ನು ಅತ್ತಿತ್ತ ಮಾಡುತ್ತದೆ. ಕೂಲಿ ಎಲ್ಲರಿಗೂ ಒಂದೇ. ಆದರೂ ಯಾರು ಎಷ್ಟು ಬಿಡಿಸಿದರೆಂಬ ಲೆಕ್ಕಕ್ಕೆ, ಕ್ರೇಟು ತುಂಬಿದಾಗಲೆಲ್ಲ ತುಂಬಿದವರ ಕಾರ್ಡನ್ನು ನಾನು ಫೋನಿಗೆ ತೋರಿಸಬೇಕು.

"ಯಾಕಮ್ಮಿ, ಮೊಕ ಇಂಗ್ ಮಾಡ್ಕಂಡಿದ್ದೀಯೆ?" ಎಂದಳು ದೊಡ್ಡವ್ವ. ನನ್ನ ತಾಯಿಯ ಅಕ್ಕ. ಮಂಡಿ ಹಿಡಿದುಕೊಂಡು ಹತ್ತಡಿಗೊಮ್ಮೆ ನಿಲ್ಲುವವಳು.

ಆಫೀಸಿಗೆ ಫೋನು ಮಾಡಿದೆ. ಮೇಲ್ವಿಚಾರಕ ನಕ್ಕ. "ಅಕ್ಕಾ, ಗುಡ್ಡದ ಒಲ ಅರ್ಜೆಂಟು. ನಿಮ್ ತಂಡದಲ್ಲಿ ಎಲ್ಲಾರ್ಗಿಂತ ಜೋರಾಗಿ ಬೀನ್ಸ್ ಬುಡ್ಸೋರು ಅವ್ರೇ ತಾನೆ? ಅದ್ಕೇ ಕಂಪ್ಯೂಟ್ರು ಅವ್ರನ್ನ ಅಲ್ಲಿಗೆ ಆಕದೆ."

ಹಿರಿಯರ ಸಾಲು ಹಿಂದೆ ಬೀಳಬಾರದು ಎಂಬುದು ನಮ್ಮ ಅಜ್ಜಿಯರು ಕಲಿಸಿದ ರೂಢಿ. ದಿನವೂ ತಾವು ಮೊದಲು ತುಂಬಿದ ಕ್ರೇಟನ್ನು ಒಬ್ಬೊಬ್ಬರೂ ದೊಡ್ಡವ್ವನ ಮುಂದಿಟ್ಟು ಹೋಗುತ್ತಿದ್ದೆವು. ಅವಕ್ಕೆಲ್ಲ ಅವಳ ಕಾರ್ಡು ತೋರಿಸುತ್ತಿದ್ದವಳು ನಾನೇ. ಏಳು ಜನರ ಕೈ ಸೇರಿ ಮಂಡಿ ನೋವಿನ ಮುದುಕಿಯನ್ನು ತಂಡದ ಹುಲಿ ಮಾಡಿದ್ದೆವು!

"ಅಷ್ಟು ಅವರು ಬಿಡಿಸಲ್ಲಪ್ಪಾ..." ಎಂದೆ.

"ಅಂಗಾದ್ರೆ ಇನ್ಮೇಕೆ ಅವ್ರ್ ಎಸ್ರೇ ಬರಕಿಲ್ಲ ಕಣಕ್ಕಾ. ನಿದಾನ್ದೋರ್ನ ಅದು ತೆಗ್ದುಬುಡ್ತದೆ."

ಫೋನು ಇಟ್ಟು, ಅವನಂದದ್ದನ್ನು ಎಲ್ಲರಿಗೂ ಹೇಳಿದೆ.

ಅಷ್ಟರಲ್ಲಿ ಗುಡ್ಡದ ಹೊಲದ ವ್ಯಾನು ಬಂತು. "ಅವ್ಳೊಬ್ಳನ್ನೇ ಕಳ್ಸಾಕಾದದಾ? ಅತ್ರಮ್ಮಿ ಎಲ್ಲಾರೂವೆ!" ಎಂದಳು ನಮ್ಮಲ್ಲಿ ಬಾಯಿ ಜೋರಿನವಳು. ಎಂಟೂ ಜನ ಹತ್ತಿದೆವು. ದಾರಿಯಲ್ಲೇ ಫೋನು ಸದ್ದು ಮಾಡಿತು: ನಮ್ಮ ಬದಲು ಊರ ಪಕ್ಕದ ಹೊಲಕ್ಕೆ ದೊಡ್ಡಗಾಜನೂರಿನ ತಂಡ ಹೊರಟಿದೆ. ನಾವು ಎದುರು ಬಿದ್ದೆವು ಎಂದುಕೊಂಡಿದ್ದರೆ, ಕಂಪ್ಯೂಟರಿಗೆ ಅದೊಂದು ಗಣನೆಯೇ ಅಲ್ಲ!

ಮಧ್ಯಾಹ್ನ ಬದುವಿನ ಮೇಲೆ, ದೊಡ್ಡವ್ವನ ಕಾರ್ಡಿಗೆ ಎಷ್ಟು ಕ್ರೇಟು ಎಂಬ ಪಂಚಾಯಿತಿ ಶುರುವಾಯಿತು.

"ದೊಡ್ಡವ್ವಂಗೆ ನಾಕ್ ಆಕಮ್ಮಿ."

"ನಾಕಾ? ನಾಳಿಕೆ ಆಸನೂರಿಂದ ಊಟೀಗೇ ಕಳಿಸ್ತದೆ! ಮೂರ್ ಸಾಕು."

ದೊಡ್ಡವ್ವ ಮುದ್ದೆ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿದಳು. "ನಾನ್ ಬುಡ್ಸಿರದು ಒಂದು ಕಣ್ರಮ್ಮಿ. ಯಾರಾರಾ ಕೇಳುದ್ರಾ ನನ್ನ?"

ಯಾರೂ ಕೇಳಿರಲಿಲ್ಲ. ಇಷ್ಟು ದಿನವೂ.

"ಒಂದೇ ಆಕು," ಎಂದಳು.

ನಾನು ಅವಳ ಕಾರ್ಡನ್ನು ಮೂರು ಸಲ ತೋರಿಸಿದೆ. ಅವಳ ಕಣ್ಣೆದುರಿಗೇ. ವಾಪಸ್ಸು ಬರುವಾಗ ವ್ಯಾನಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ.

ಮಾರನೆಯ ಬೆಳಿಗ್ಗೆ ಎಂಟು ಹೆಸರೂ ಒಂದೇ ಹೊಲಕ್ಕೆ ಬಂದಿದ್ದವು. ದೊಡ್ಡವ್ವನಿಗೆ ಓದಿ ಹೇಳಿದೆ. "ಊಂ" ಎಂದಳು, ಅಷ್ಟೆ.