ಕುಕ್ಕರ್ ಕೂಗಿದಾಗ ಮುಳುಗುವ ಕೋಳಿ

ಹೋದ ತಿಂಗಳು ಒಂದು ಭಾನುವಾರ ನನ್ನ ಹೆಂಡತಿ ನನ್ನ ಮೇಜಿನ ಖಾನೆ ಸ್ವಚ್ಛ ಮಾಡಲು ಕೂತಳು. ಅರ್ಧ ಗಂಟೆಯಾದ ಮೇಲೆ ಒಂದು ಹಳೆಯ ಫೋನನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಂದು ನನ್ನ ಇಡ್ಲಿ ತಟ್ಟೆಯ ಪಕ್ಕದಲ್ಲಿಟ್ಟು, "ಇದು ಯಾರದ್ರೀ?" ಅಂದಳು. ನನ್ನದೇ ಫೋನು ಅಂದೆ. "ಫೋನ್ ಕೇಳಿಲ್ಲ. ಬೊಟ್ಟು," ಅಂದಳು.

ನೋಡಿದರೆ ಹೌದು. ಫೋನಿನ ಗಾಜಿನ ಮೇಲೆ, ನಡುವಿಗಿಂತ ಸ್ವಲ್ಪ ಕೆಳಗೆ, ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಕೊಂಡಿತ್ತು. ನನ್ನ ಹೆಂಡತಿ ಇಡುವುದು ಸಾಸಿವೆ ಕಾಳಿನಷ್ಟು ಕಪ್ಪು ಬೊಟ್ಟು. ಇದು ಹೆಬ್ಬೆರಳಿನ ಉಗುರಿನಷ್ಟು ಅಗಲ. ಮದುವೆಯಾಗಿ ಐದು ವರ್ಷವಾದ ಗಂಡಸಿನ ಖಾನೆಯಲ್ಲಿ ಇಂಥದ್ದು ಸಿಕ್ಕರೆ ಇಡ್ಲಿ ಗಂಟಲಲ್ಲೇ ನಿಲ್ಲುತ್ತದೆ, ನೀವೇ ಯೋಚಿಸಿ.

"ಅದು ಮುನಿಲಕ್ಷ್ಮಮ್ಮನವರದು," ಅಂದೆ. ಹೆಸರು ಕೇಳಿ ಅವಳ ಹುಬ್ಬು ಸ್ವಲ್ಪ ಇಳಿಯಿತು. ಅದು ಅರವತ್ತು ದಾಟಿದವರ ಹೆಸರು ಎಂದು ಯಾರಿಗಾದರೂ ಗೊತ್ತಾಗುತ್ತದೆ. ನಾನು ಅಲ್ಲಿಗೇ ಸುಮ್ಮನಾಗಬೇಕಿತ್ತು. "ನಮ್ಮ ಕೋಳಿ ಆಡಿಸ್ತಿದ್ರಲ್ಲ, ಅವರು," ಎಂದು ಸೇರಿಸಿದೆ. ಹುಬ್ಬು ಮತ್ತೆ ಮೇಲೇರಿತು. ಅವತ್ತು ಅವಳ ಮುಂದೆ ಪೂರ್ತಿ ಹೇಳಬೇಕಾಗಿ ಬಂದದ್ದನ್ನೇ ಈಗ ನಿಮ್ಮ ಮುಂದೆಯೂ ಹೇಳುತ್ತೇನೆ.

ಏಳು ವರ್ಷದ ಹಿಂದೆ ನಾನು ಅಲ್ಲಾಳಸಂದ್ರದಲ್ಲಿ, ಕೆರೆಯ ಹತ್ತಿರದ ಒಂದು ಮನೆಯ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಕಂಪನಿ. ಕಂಪನಿ ಎಂದರೆ ನಾಲ್ಕು ಜನ, ಐದು ಕುರ್ಚಿ. ಯಜಮಾನ ನನ್ನ ಕಾಲೇಜಿನ ಗೆಳೆಯ ಶಶಿ. ನಾವು ಮಾಡುತ್ತಿದ್ದ ಆಟದಲ್ಲಿ ಒಂದು ಕೋಳಿ ತನ್ನ ಮೂರು ಮರಿಗಳನ್ನು ಕರೆದುಕೊಂಡು ಹನ್ನೆರಡು ಹೊಲ ದಾಟಿ ಸಂಜೆಯೊಳಗೆ ಮನೆ ಸೇರಬೇಕು. ದಾರಿಯಲ್ಲಿ ನಾಯಿ, ಹದ್ದು, ಬೇಲಿ, ಹಳ್ಳ. ಮನೆ ಸೇರಿದರೆ ಆಟ ಮಾಡಿದವರ ಹೆಸರುಗಳ ಒಂದು ಪುಟ ಬರುತ್ತದೆ. ಅಷ್ಟೇ ಆಟ.

ಕೋಳಿಗೆ ಒಂದು ಕಾಯಿಲೆ ಇತ್ತು. ಚೆನ್ನಾಗಿ ನಡೆಯುತ್ತಿದ್ದದ್ದು ಒಮ್ಮೊಮ್ಮೆ ನಿಂತ ಜಾಗದಲ್ಲೇ ಸೀದಾ ನೆಲದೊಳಕ್ಕೆ ಇಳಿದುಹೋಗುತ್ತಿತ್ತು. ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಜುಟ್ಟು. ಮರಿಗಳು ಮೂರೂ ಮೇಲೆ ನಿಂತು ನೋಡುತ್ತಿದ್ದವು. ವಾರಕ್ಕೊಮ್ಮೆಯೋ ಎರಡು ಸಲವೋ ಹೀಗಾಗುತ್ತಿತ್ತು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಬೇರೆ ತಂತ್ರಾಂಶದಲ್ಲಿ ತಪ್ಪಾದರೆ ಅದು ನೀವು ಬಂದು ನೋಡುವವರೆಗೆ ಅಲ್ಲೇ ಬಿದ್ದಿರುತ್ತದೆ. ಆಟದ ತಪ್ಪು ಹಾಗಲ್ಲ. ಪರದೆ ಸೆಕೆಂಡಿಗೆ ಮೂವತ್ತು ಸಲ ಅಳಿಸಿ ಬರೆದುಕೊಳ್ಳುತ್ತಿರುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಸಾಕ್ಷಿ ಮಾಯ. ಅದಕ್ಕೇ ಆಟ ಬರೆಯುವವರು ತಪ್ಪು ಹುಡುಕುವುದಕ್ಕೆಂದೇ ಬೇರೆ ಉಪಕರಣ ಬರೆದುಕೊಳ್ಳುತ್ತಾರೆ. ನಾನೂ ಬರೆದೆ. ಅದಕ್ಕೆ ದುರ್ಬೀನು ಎಂದು ಹೆಸರಿಟ್ಟೆ. ಪರದೆಯ ಮೇಲೆ ಮೂರು ಬೆರಳು ಒತ್ತಿದರೆ ದುರ್ಬೀನು ತೆರೆದುಕೊಳ್ಳುತ್ತಿತ್ತು. ಕೋಳಿಯ ಸುತ್ತ ಹಸಿರು ಗೆರೆ, ನೆಲದುದ್ದಕ್ಕೂ ಕೆಂಪು ಗೆರೆ, ಮೂಲೆಯಲ್ಲಿ ಅಂಕಿಗಳು. ಬೇಕಾದರೆ ಕಾಲವನ್ನೇ ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು. ಹದ್ದು ಹಿಂದುಹಿಂದಕ್ಕೆ ಹಾರುವುದನ್ನು ನೋಡಿ ನಾನೊಬ್ಬನೇ ಕೂತು ನಗುತ್ತಿದ್ದೆ.

ನಾಚಿಕೆ ಬಿಟ್ಟು ಹೇಳುವುದಾದರೆ, ಕೋಳಿಯನ್ನು ಮಾಡಲು ನನಗೆ ಎರಡು ತಿಂಗಳು ಹಿಡಿದಿತ್ತು, ದುರ್ಬೀನಿಗೆ ನಾಲ್ಕು. ಹಸಿರು ಗೆರೆ ಬೇಸರವಾದರೆ ಬಣ್ಣ ಬದಲಿಸುವ ಸೌಲಭ್ಯಕ್ಕೇ ಒಂದು ವಾರ ಹೋಯಿತು. ಶಶಿ ನನ್ನ ಬೆನ್ನ ಹಿಂದೆ ಬಂದು ನಿಂತು ಒಂದು ದಿನ, "ಮಗಾ, ಕೋಳಿ ಸಾಕೋ ಅಂದ್ರೆ ಬುಟ್ಟಿ ಹೆಣೀತಾ ಕೂತಿದೀಯಲ್ಲೋ," ಅಂದ.

ಬುಟ್ಟಿ ಚೆನ್ನಾಗಿಯೇ ಇತ್ತು. ಆದರೆ ದುರ್ಬೀನು ತೆರೆದಾಗ ಕೋಳಿ ಮುಳುಗುತ್ತಲೇ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿಟ್ಟುಕೊಂಡು ಆಡಿದರೂ ಕೋಳಿ ಗಟ್ಟಿಮುಟ್ಟಾಗಿ ಮನೆ ಸೇರುತ್ತಿತ್ತು. ಮುಚ್ಚಿಟ್ಟರೆ ನಾಲ್ಕೈದು ದಿನದಲ್ಲಿ ಯಾರಾದರೊಬ್ಬರ ಕೈಯಲ್ಲಿ ಜಲಸಮಾಧಿ, ಅಲ್ಲ, ಭೂಸಮಾಧಿ.

ಅಷ್ಟರಲ್ಲಿ ಹೆಬ್ಬಾಳದ ಒಂದು ದೊಡ್ಡ ಕಂಪನಿಯವರು ಆಟ ತೋರಿಸಿ, ಹಿಡಿಸಿದರೆ ನಾವೇ ಹೊರತರುತ್ತೇವೆ ಅಂದರು. ಮೂರು ವಾರ ಟೈಮು. ಅವರೆದುರು ಕೋಳಿ ಮುಳುಗಿದರೆ ನಮ್ಮ ಮಹಡಿಗೆ ಬೀಗ. ಶಶಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ: "ಗುರು, ನಿನ್ ದುರ್ಬೀನು ಇದನ್ನ ಹಿಡೀಲಿಲ್ಲ ಅಂದ್ರೆ, ನಿನ್ನ ಯಾಕಿಟ್ಕೊಂಡಿದೀನಿ ಅಂತ ಉಳಿದಿಬ್ರು ಕೇಳ್ತಾರೆ. ನನ್ ಹತ್ರ ಉತ್ತರ ಇಲ್ಲ."

ಮುನಿಲಕ್ಷ್ಮಮ್ಮ ಆ ಮನೆಯ ಯಜಮಾನಿ. ಕೆಳಗಡೆ ಇದ್ದರು. ಆ ಕೆರೆಯ ಸುತ್ತ ಒಂದು ಕಾಲಕ್ಕೆ ಅವರದೇ ಹೊಲವಿತ್ತು, ಹಟ್ಟಿ ತುಂಬ ಕೋಳಿ ಇತ್ತು. ನಾವು ನೀರಿನ ಮೋಟಾರ್ ಆರಿಸದೆ ಬಿಟ್ಟಿದ್ದಕ್ಕೆ ಬೈಯಲು ಒಂದು ದಿನ ಮೇಲೆ ಬಂದವರು ಪರದೆ ನೋಡಿ, ಬೈಯುವುದನ್ನು ಮರೆತು ನಿಂತುಬಿಟ್ಟರು. "ಇದೇನಪ್ಪ, ಕೋಳಿ ಇಂಗೆ ನಡೀತದಾ? ಕತ್ತು ಆಡ್ಸಕಿಲ್ವಾ?" ಅಂದರು. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೋಳಿ ನಡೆಯುವಾಗ ಕತ್ತು ಆಡಿಸುತ್ತದೆ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಸರಿಮಾಡಿದೆವು. ಶಶಿ ಅವರಿಗೊಂದು ಫೋನು ಕೊಟ್ಟು, "ಆಡ್ತಾ ಇರಿ ಅಮ್ಮ, ಕೋಳಿ ನೆಲದೊಳಕ್ಕೆ ಹೋದ್ರೆ ಹೇಳಿ," ಅಂದ. ಹೇಗಿದ್ದರೂ ಒಂದು ಕೈ ಹೆಚ್ಚಿರಲಿ ಎಂದು, ಅಷ್ಟೇ.

ಹತ್ತು ದಿನವಾದ ಮೇಲೆ ಮುನಿಲಕ್ಷ್ಮಮ್ಮ ಕೆಳಗಿನಿಂದಲೇ ನನ್ನನ್ನು ಕೂಗಿದರು. ಅಡುಗೆಮನೆಗೆ ಹೋದೆ. ಒಲೆಯ ಪಕ್ಕದ ಬಿಳಿ ಟೈಲ್ಸಿನ ಮೇಲೆ ಬೊಟ್ಟುಗಳ ಎರಡು ಸಾಲು. ಮುಖ ತೊಳೆಯುವಾಗ ಹಣೆಯ ಬೊಟ್ಟು ತೆಗೆದು ಕನ್ನಡಿಗೋ ಬಾಗಿಲಿಗೋ ಅಂಟಿಸುವುದು ನಮ್ಮ ಎಲ್ಲ ಮನೆಗಳಲ್ಲೂ ಇದ್ದದ್ದೇ. ಇವರು ಅದನ್ನೇ ಕಡತ ಮಾಡಿದ್ದರು. ಕೋಳಿ ಮನೆ ಸೇರಿದರೆ ಹಸಿರು ಬೊಟ್ಟು, ಮುಳುಗಿದರೆ ಕೆಂಪು. "ಹಿಟ್ಟು ಕಲಸೋ ಕೈಯಲ್ಲಿ ಪೆನ್ನು ಎಲ್ಲಿ ಹುಡ್ಕಲಪ್ಪ? ಬೊಟ್ಟಾದ್ರೆ ಇಲ್ಲೇ ಅದೆ," ಅಂದರು. ಕೆಂಪು ಹತ್ತಕ್ಕೂ ಹೆಚ್ಚಿತ್ತು. ನಾವು ನಾಲ್ವರು ಎಂಜಿನಿಯರುಗಳು ಇಡೀ ತಿಂಗಳಲ್ಲಿ ಅಷ್ಟು ಸಲ ಮುಳುಗಿಸಿರಲಿಲ್ಲ.

"ಯಾವಾಗ ಮುಳುಗುತ್ತೆ ಅಮ್ಮ?"

"ಕುಕ್ಕರ್ ಕೂಗ್ದಾಗ."

ನಾನು ನಕ್ಕೆ. ಅವರು ನಗಲಿಲ್ಲ. "ನಗ್ಬೇಡ. ಕೋಳಿಗೆ ಕುಕ್ಕರ್ ಕಂಡ್ರೆ ಭಯ ಇರಾಕಿಲ್ವಾ?" ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. "ನಿಂತ್ಕೊ, ತೋರಿಸ್ತೀನಿ," ಎಂದು ಆಡಲು ಶುರು ಮಾಡಿದರು. ಮೂರನೇ ಹೊಲದಲ್ಲಿದ್ದಾಗ ಕುಕ್ಕರ್ ಕೂಗಿತು. ಫೋನನ್ನು ಕಟ್ಟೆಯ ಮೇಲಿಟ್ಟರು. ಉರಿ ಸಣ್ಣ ಮಾಡಿದರು. ಪಲ್ಯ ಒಮ್ಮೆ ಕೈಯಾಡಿಸಿದರು, ಉಪ್ಪು ಹಾಕಿದರು. ಅಷ್ಟರಲ್ಲಿ ಫೋನು ತಾನಾಗಿಯೇ ಕಪ್ಪಾಗಿ ಮಲಗಿತ್ತು. ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಎಬ್ಬಿಸಿದರು. ಕೋಳಿ ಕಣ್ಣೆದುರಿಗೇ ಸೀದಾ ಕೆಳಗಿಳಿಯಿತು. ಮರಿಗಳು ಮೂರೂ ನೋಡುತ್ತಿದ್ದವು.

ನನಗೆ ಅಲ್ಲೇ ಎಲ್ಲ ಗೊತ್ತಾಯಿತು. ಮಹಡಿಯಲ್ಲಿದ್ದ ನಾವು ಆಟದ ನಡುವೆ ಏಳುತ್ತಿದ್ದುದೇ ಅಪರೂಪ. ಕಾಫಿ ಕೂತಲ್ಲಿಗೇ ಬರುತ್ತಿತ್ತು. ಆಡುತ್ತ ಆಡುತ್ತ ಫೋನು ಕೆಳಗಿಟ್ಟು ಬೇರೆ ಕೆಲಸ ನೋಡುವುದು ಮನೆ ನಡೆಸುವವರ ರೀತಿ. ಫೋನು ಮಲಗಿದಾಗ ಕೋಳಿಯೂ ಮಲಗುತ್ತಿತ್ತು, ಆದರೆ ಆಟದ ಗಡಿಯಾರ ಮಾತ್ರ ಓಡುತ್ತಲೇ ಇರುತ್ತಿತ್ತು. ಎದ್ದ ತಕ್ಷಣ ಎರಡು ನಿಮಿಷದ ಬದುಕನ್ನು ಕೋಳಿ ಒಂದೇ ಸಲಕ್ಕೆ ಬದುಕಬೇಕು. ಎರಡು ನಿಮಿಷದಷ್ಟು ಭೂಮಿಯ ಸೆಳೆತ ಒಮ್ಮೆಗೇ ಎಳೆದರೆ ಯಾವ ನೆಲ ತಡೆಯುತ್ತದೆ? ಇನ್ನು ನನ್ನ ದುರ್ಬೀನು. ಅದಕ್ಕೆ ಕಾಲ ನಿಲ್ಲಿಸುವ ಶೋಕಿ ಇದ್ದುದರಿಂದ ಅದರದೇ ಬೇರೆ ಗಡಿಯಾರ ಇಟ್ಟಿದ್ದೆ. ದುರ್ಬೀನು ತೆರೆದಿರುವಾಗ ಕೋಳಿ ನಡೆಯುತ್ತಿದ್ದದ್ದು ಆ ಗಡಿಯಾರದಂತೆ, ಆ ಗಡಿಯಾರ ಫೋನಿನ ಜೊತೆಯಲ್ಲೇ ಮಲಗುತ್ತಿತ್ತು. ಕಾಯಿಲೆ ನೋಡಲು ಮಾಡಿದ ಉಪಕರಣವೇ ತೆರೆದಷ್ಟು ಹೊತ್ತು ಕಾಯಿಲೆ ವಾಸಿ ಮಾಡಿಡುತ್ತಿತ್ತು.

"ಅಮ್ಮ, ಆಟದ ಕೊನೇಲಿ ನಿಮ್ಮ ಹೆಸರು ಹಾಕಿಸ್ತೀನಿ," ಎಂದು ಹೇಳಿ ಮೆಟ್ಟಿಲು ಹತ್ತಿ ಓಡಿದೆ. ಒಂದೇ ಒಂದು ಸಾಲು ಬದಲಿಸಿದೆ. ಕೋಳಿ ವಾಸಿಯಾಯಿತು.

"ಸಿಕ್ತಾ? ಹೆಂಗ್ ಸಿಕ್ತೋ?" ಎಂದು ಶಶಿ ಎದ್ದು ಬಂದ. ಉಳಿದಿಬ್ಬರೂ ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದರು. ನಾಲ್ಕು ತಿಂಗಳು ನನ್ನನ್ನು ಯಾಕೆ ಇಟ್ಟುಕೊಂಡಿದ್ದ ಎಂಬ ಪ್ರಶ್ನೆ ಆ ಎರಡು ಮುಖಗಳಲ್ಲೂ ಇತ್ತು.

"ದುರ್ಬೀನಲ್ಲಿ ಸಿಕ್ತು," ಅಂದೆ.

ಹೇಳಿದ ಮರುಕ್ಷಣವೇ ನನಗೆ ನಾಚಿಕೆಯಾಯಿತು. ಆದರೆ ಶಶಿ ಆಗಲೇ ನನ್ನನ್ನು ಅಪ್ಪಿಕೊಂಡಿದ್ದ. ಖುಷಿಯಲ್ಲಿ ಅವನು ಹೆಸರುಗಳ ಪುಟದಲ್ಲಿ "ತಪ್ಪು ಹಿಡಿದದ್ದು: ದುರ್ಬೀನು" ಎಂದೇ ಬರೆಸಿದ. ಬಾಯಿ ಬಿಡಲು ನನಗೆ ಇನ್ನೂ ಒಂದು ಅವಕಾಶವಿತ್ತು. ಅವನೇ ಕೇಳಿದ, "ಕೆಳಗಿನ ಅಮ್ಮನ ಹೆಸ್ರೂ ಹಾಕೋಣ್ವಾ, ಪಾಪ, ಆಡ್ತಿದ್ರು." ನಾನು, "ಉದ್ದ ಹೆಸರು ಕಣೋ, ಸಾಲಲ್ಲಿ ಹಿಡಿಸಲ್ಲ," ಅಂದೆ. ಇದನ್ನು ಹೇಳುವಾಗ ನನ್ನ ಹೆಂಡತಿ ಒಂದು ಸಲ ನನ್ನ ಮುಖ ನೋಡಿದಳು. ನೀವೂ ನೋಡುತ್ತಿರಬಹುದು.

ಹೆಬ್ಬಾಳದವರಿಗೆ ಆಟ ಹಿಡಿಸಿತು. ಹೊರಗೆ ಬಂತು. ಮುನಿಲಕ್ಷ್ಮಮ್ಮನವರ ಫೋನಿಗೂ ಶಶಿ ಅದನ್ನೇ ಹಾಕಿಕೊಟ್ಟ. ಒಂದೂವರೆ ವರ್ಷ ನಡೆಯಿತು, ಆಮೇಲೆ ಜನ ಬೇರೆ ಆಟಕ್ಕೆ ಹೋದರು, ನಾವೂ ಬೇರೆ ಬೇರೆ ಕೆಲಸಗಳಿಗೆ ಹೋದೆವು. ಅಷ್ಟು ದಿನವೂ ನಾನು ಕೆಳಗಿನ ಬಾಗಿಲ ಮುಂದೆ ಅವಸರದಲ್ಲಿರುವವನ ಹಾಗೆ ಹಾದುಹೋಗುತ್ತಿದ್ದೆ. ಮಹಡಿ ಖಾಲಿ ಮಾಡಿದ ದಿನ ಮುನಿಲಕ್ಷ್ಮಮ್ಮ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದುಕೊಟ್ಟರು. "ಕೊನೇಗಂಟ ಆಡಿದೀನಿ ಕಣಪ್ಪ. ನೀನೂ ಒಂದ್ಸಲ ಕೊನೇಗಂಟ ಓಗಿ ನೋಡು," ಅಂದರು. ಗಾಜಿನ ಮೇಲಿನ ಬೊಟ್ಟು ಅವತ್ತೇ ಕಂಡಿತ್ತು. ಮುಖ ತೊಳೆಯುವಾಗ ಅಂಟಿಸಿ ಮರೆತಿದ್ದಾರೆ ಅಂದುಕೊಂಡು ಫೋನನ್ನು ಖಾನೆಗೆ ಹಾಕಿದೆ.

ಇಷ್ಟು ಕೇಳಿದ ಮೇಲೆ ಹೆಂಡತಿ ಬಿಡುತ್ತಾಳೆಯೇ? ಹಳೆಯ ಚಾರ್ಜರ್ ಅವಳೇ ಹುಡುಕಿ ತಂದಳು. ಫೋನು ಎದ್ದಿತು. ಮಧ್ಯಾಹ್ನದವರೆಗೆ ಆಡಿ ಹನ್ನೆರಡು ಹೊಲ ದಾಟಿದೆ. ದಾರಿಯುದ್ದಕ್ಕೂ ಆ ಬೊಟ್ಟು ಅಡ್ಡ ಬರುತ್ತಿತ್ತು, ಎರಡು ಸಲ ಅದರ ಹಿಂದೆ ಅಡಗಿದ್ದ ನಾಯಿ ನನ್ನ ಕೋಳಿಯನ್ನು ಹಿಡಿಯಿತು. ಕೊನೆಗೆ ಮನೆ ಬಂತು, ಹೆಸರುಗಳ ಪುಟ ಬಂತು. ಶಶಿಯ ಹೆಸರು, ನನ್ನ ಹೆಸರು, ಉಳಿದಿಬ್ಬರದು. ಕೆಳಗೆ "ತಪ್ಪು ಹಿಡಿದದ್ದು:" ಎಂದಿತ್ತು. ಅದರ ಮುಂದಿನ ಶಬ್ದ ಕಾಣಲಿಲ್ಲ. ದುರ್ಬೀನಿನ ಮೇಲೆ ಒಂದಕ್ಷರವೂ ಕಾಣದ ಹಾಗೆ ಬೊಟ್ಟು ಕೂತಿತ್ತು.

ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. "ಕೆಂಪು ಅಂದ್ರೆ ತಪ್ಪು ಅಲ್ವೇನ್ರೀ?" ಅಂದಳು.

ಆ ವಾರವೆಲ್ಲ ಹಳೆಯ ಡಿಸ್ಕುಗಳನ್ನು ಕೆದಕಿ ಆಟದ ಒಂದು ಪ್ರತಿ ಹುಡುಕಿದೆ. ಹೆಸರುಗಳ ಪುಟದಲ್ಲಿ "ತಪ್ಪು ಹಿಡಿದದ್ದು:" ಎಂದು ಬರೆದು ಮುಂದೆ ಮುನಿಲಕ್ಷ್ಮಮ್ಮನವರ ಹೆಸರು ಹಾಕಿದೆ. ಉದ್ದ ಹೆಸರು ಸಾಲಿನಲ್ಲಿ ಆರಾಮಾಗಿ ಹಿಡಿಸಿತು, ಆ ಕಡೆ ಇನ್ನೂ ಜಾಗ ಉಳಿಯಿತು. ಫೋನಿಗೆ ಹಾಕಿ ಎರಡು ಸಲ ಆಡಿ ಪರೀಕ್ಷೆ ಮಾಡಿ, ಮುಂದಿನ ಭಾನುವಾರ ಸ್ಕೂಟರ್ ಹತ್ತಿ ಅಲ್ಲಾಳಸಂದ್ರಕ್ಕೆ ಹೋದೆ.

ಮಹಡಿಯಲ್ಲಿ ಈಗ ಬ್ಯೂಟಿ ಪಾರ್ಲರ್ ಇದೆ. ಕೆಳಗೆ ಅದೇ ಅಡುಗೆಮನೆ. ಮುನಿಲಕ್ಷ್ಮಮ್ಮನವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು, "ಓ, ಕೋಳಿಯಪ್ಪ," ಅಂದರು. ನಾನು ಫೋನು ಕೊಟ್ಟೆ. ಕನ್ನಡಕ ಹಾಕಿಕೊಂಡು ಕೂತರು. ಆಟ ಮರೆತಿರಲಿಲ್ಲ. ಪುಟ ಬಂದಾಗ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ತಪ್ಪು ಹಿಡಿದದ್ದು, ಮುನಿಲಕ್ಷ್ಮಮ್ಮ." ಎರಡನೇ ಸಲವೂ ಓದಿದರು.

"ಅವತ್ತು ಸುಳ್ಳು ಹೇಳಿದ್ದೆ ಅಮ್ಮ," ಅಂದೆ.

"ಗೊತ್ತು ಬುಡು. ನೀನು ಅದೆಷ್ಟು ದಿನ ನಮ್ಮ ಬಾಗ್ಲ ಮುಂದೆ ಓಡ್ಕೊಂಡೇ ಓಯ್ತಿದ್ದೆ," ಎಂದು ಹಸಿರು ಬೊಟ್ಟೊಂದನ್ನು ಕಿತ್ತು ಟೈಲ್ಸಿಗೆ ಅಂಟಿಸಿದರು. ನನಗೆ ಕಣ್ಣು ತುಂಬಿ ಬಂತು. ಖುಷಿಗೆ ಅವರು ಇನ್ನೊಂದು ಸಲ ಆಡಲು ಶುರು ಮಾಡಿದರು.

ಕುಕ್ಕರ್ ಕೂಗಿತು.

ಅವರು ಫೋನು ಕೆಳಗಿಟ್ಟು ಎದ್ದಾಗ ನನಗೆ ಹೊಳೆಯಿತು. ನನಗೆ ಡಿಸ್ಕಿನಲ್ಲಿ ಸಿಕ್ಕಿದ ಪ್ರತಿ ಆ ಒಂದು ಸಾಲು ಬದಲಿಸುವುದಕ್ಕೆ ಮುಂಚಿನದು. ಪರೀಕ್ಷೆ ಮಾಡಿದಾಗ, ಹಳೆಯ ಅಭ್ಯಾಸ, ದುರ್ಬೀನು ತೆರೆದುಕೊಂಡೇ ಮಾಡಿದ್ದೆ. ಅವರು ಅನ್ನ ನೋಡಿ, ಕೈ ಒರೆಸಿಕೊಂಡು ಬಂದು ಫೋನು ಎಬ್ಬಿಸಿದರು. ಕಾಲು, ಹೊಟ್ಟೆ, ಜುಟ್ಟು. ಮರಿಗಳು ಮೂರೂ ನೋಡುತ್ತಿದ್ದವು.

"ನನ್ ಎಸ್ರು ಸರಿಯಾಗಿ ಅದೆ," ಅಂದರು ಮುನಿಲಕ್ಷ್ಮಮ್ಮ. "ಕೋಳಿ ಕೆಟ್ಟದೆ." ಪೊಟ್ಟಣದಿಂದ ಒಂದು ಕೆಂಪು ಬೊಟ್ಟು ಕಿತ್ತು, ಟೈಲ್ಸಿನ ಕಡೆ ನೋಡಿ, ಮನಸ್ಸು ಬದಲಿಸಿ ನನ್ನ ಮುಂಗೈ ಹಿಡಿದು ಅದರ ಮೇಲೆ ಅಂಟಿಸಿದರು. "ಮರೀಬ್ಯಾಡ. ಮುಂದಿನ್ ವಾರ ಸರಿಮಾಡ್ಕೊಂಡು ಊಟಕ್ಕೆ ಬಾ."

ಅಟ್ಟೂರಿನ ನಮ್ಮ ಮನೆಯವರೆಗೂ ಆ ಕೈಯಲ್ಲೇ ಸ್ಕೂಟರ್ ಓಡಿಸಿದೆ. ಗೇಟು ತೆಗೆದ ಹೆಂಡತಿಯ ಕಣ್ಣು ಮೊದಲು ಹೋದದ್ದು ನನ್ನ ಕೈಗೆ. "ಇದು ಯಾರದ್ರೀ?" ಅಂದಳು.

"ಬೊಟ್ಟು ಮುನಿಲಕ್ಷ್ಮಮ್ಮನವರದು," ಅಂದೆ. "ತಪ್ಪು ನನ್ನದು."